ಕರಿಗಾಲು ನೊಣವೂ ನಲವತ್ತೊಂದನೇ ಬಿಲ್ಲೆಯೂ

ಸಾವಿತ್ರಮ್ಮನವರಿಗೆ ಐವತ್ತೆಂಟನೇ ವಯಸ್ಸಿನಲ್ಲಿ ಹೊಸ ಕೆಲಸ ಸಿಕ್ಕಿದ್ದನ್ನು ಮೂಡಿಗೆರೆಯ ಅವರ ಬೀದಿಗೆಲ್ಲ ಸಾರಿದವರು ಅವರ ಗಂಡ ಚನ್ನಕೇಶವ ಗೌಡರು. ಎಸ್ಟೇಟಿನ ಜೀಪು ಓಡಿಸಿ ನಿವೃತ್ತರಾದ ಗೌಡರಿಗೆ ಈಗ ಜಗಲಿಯೇ ಡ್ರೈವರ್ ಸೀಟು. ಹಾದುಹೋಗುವವರನ್ನೆಲ್ಲ ಅಲ್ಲಿಂದಲೇ ಹಾರ್ನ್ ಹೊಡೆದು ನಿಲ್ಲಿಸುತ್ತಿದ್ದರು.

“ಎಂಥ ಕೆಲಸ ಗೌಡ್ರೇ?”

“ನೊಣದ್ದು ಮಾರಾಯ. ಎರಡು ವರ್ಷದಿಂದ ನಾನು ಇಲ್ಲಿ ಕೂತು ಪುಕ್ಕಟೆ ನೊಣ ಹೊಡೀತಾ ಇದ್ದೀನಿ, ಒಬ್ರೂ ಕೇಳ್ಲಿಲ್ಲ. ಇವಳಿಗೆ ನೋಡು, ಕಾರು ಕಳ್ಸಿ ಕರ್ಕೊಂಡು ಹೋಗ್ತಾರೆ!”

ಕಾರು ಎನ್ನುವುದು ಗೌಡರ ಉದಾರತೆ. ಬಂದದ್ದು ಪ್ರಯೋಗಾಲಯದ ಹಳೇ ಜೀಪು, ಅದೂ ಮೊದಲ ದಿನ ಮಾತ್ರ. ಕೆಲಸ ನೊಣದ್ದೇ ಎಂಬುದು ಮಾತ್ರ ನಿಜ. ಊರ ಹೊರಗಿನ ಆ ಪ್ರಯೋಗಾಲಯದಲ್ಲಿ ಮಾವಿನ ಹಣ್ಣುನೊಣಗಳ ಸಮೀಕ್ಷೆ ನಡೆದಿತ್ತು. ಮಾವು ಇನ್ನೇನು ಹಣ್ಣಾಗಬೇಕು ಎನ್ನುವಾಗ ಸಿಪ್ಪೆಯಡಿ ಮೊಟ್ಟೆ ಚುಚ್ಚಿಟ್ಟು ಹೋಗಿ, ನಾವು ಹಣ್ಣು ಹೆಚ್ಚಿದಾಗ ಒಳಗಿನಿಂದ ಬಿಳಿ ಹುಳು ಇಣುಕುವಂತೆ ಮಾಡುವ ನೊಣ ಅದು. ನೋಡಲು ಸಣ್ಣ ಕಣಜದ ಹಾಗೆ, ಹಳದಿ ಕಪ್ಪು ಪಟ್ಟೆ. ಎಲ್ಲ ಒಂದೇ ಎಂದು ನಾವು ಶಪಿಸಿದರೂ ಅದರಲ್ಲಿ ಹಲವು ಜಾತಿಗಳಿವೆ. ಯಾವ ಜಾತಿ, ಯಾವ ತೋಟದಲ್ಲಿ, ಯಾವ ವಾರ ಏಳುತ್ತದೆ ಎಂದು ತಿಳಿದರೆ ಯಾವಾಗ ಎಚ್ಚರವಾಗಿರಬೇಕು ಎಂದು ಬೆಳೆಗಾರರಿಗೆ ಹೇಳಬಹುದು. ಅದಕ್ಕಾಗಿ ವಸ್ತಾರೆಯಿಂದ ಕಳಸದವರೆಗೆ ಕೆಲವರ ಮಾವಿನ ಮರಗಳಲ್ಲಿ ವಾಸನೆಯೆಣ್ಣೆ ಅದ್ದಿದ ಮರದ ತುಂಡನ್ನಿಟ್ಟ ಬಾಟಲಿಗಳನ್ನು ಕಟ್ಟಿದ್ದರು. ಬಿದ್ದ ನೊಣಗಳನ್ನು ಬೆಳೆಗಾರರು ವಾರಕ್ಕೊಮ್ಮೆ ಎಣಿಸಿ, ಸ್ಪಿರಿಟ್ ತುಂಬಿದ ಶೀಶೆಗೆ ಹಾಕಿ, ಚೀಟಿ ಬರೆದು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಬೇಕು. ಶೀಶೆ ಬಂದ ಮೇಲೆ ಆರಿಸುವುದು ಸಾವಿತ್ರಮ್ಮನ ಪಾಲು.

ಆರಿಸುವುದು ಅವರಿಗೆ ಹೊಸತಲ್ಲ. ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಇಪ್ಪತ್ತೊಂಬತ್ತು ವರ್ಷ ಅವರು ಗಾರ್ಬ್ಲಿಂಗ್ ಮೇಜಿಗೆ ಕೂತವರು. ಗಾರ್ಬ್ಲಿಂಗ್ ಎಂದರೆ ಮೇಜಿನ ಮೇಲೆ ಹರವಿದ ಕಾಫಿ ಬೀಜದಲ್ಲಿ ಕಪ್ಪಾದದ್ದು, ಕಂದಾದದ್ದು, ಒಡೆದದ್ದನ್ನು ಬೆರಳಿನಿಂದ ಹೆಕ್ಕಿ ಪಕ್ಕದ ಬುಟ್ಟಿಗೆ ಹಾಕುವುದು. ಅಲ್ಲಿ ಒಬ್ಬೊಬ್ಬರಿಗೂ ಒಂದು ತಗಡಿನ ಬಿಲ್ಲೆ ಇತ್ತು, ಅದರ ಮೇಲೆ ನಂಬರು. ಆರಿಸಿದವರ ನಂಬರಿನ ಚೀಟಿ ಮೂಟೆಯ ಬಾಯಿಗೆ. ಮೂಟೆಯಲ್ಲಿ ಕಪ್ಪು ಬೀಜ ಹೆಚ್ಚು ಸಿಕ್ಕಿದರೆ ಅದು ಚೀಟಿ ಹುಡುಕಿಕೊಂಡು ಅದೇ ಮೇಜಿಗೆ ವಾಪಸು ಬರುತ್ತಿತ್ತು. ಎಲ್ಲರ ಎದುರು ಅದನ್ನು ಸುರಿದು ಮತ್ತೆ ಆರಿಸಬೇಕು. ಬಿಲ್ಲೆ ನಂಬರ್ ನಲವತ್ತೊಂದರ ಮೂಟೆ ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ವಾಪಸು ಬಂದಿರಲಿಲ್ಲ. ಕೊನೆಗೆ ಬಣ್ಣ ನೋಡಿ ತಾನೇ ಬೀಜ ಆರಿಸುವ ಯಂತ್ರ ಬಂತು. ಯಂತ್ರಕ್ಕೆ ಕಣ್ಣಿತ್ತು, ಕಣ್ಣಿಗೆ ದಣಿವಿರಲಿಲ್ಲ. ಮೇಜುಗಳನ್ನು ಎತ್ತಿದ ದಿನ ಸಾವಿತ್ರಮ್ಮ ಬಿಲ್ಲೆಯನ್ನು ವಾಪಸು ಕೊಡಲು ಹೋದರೆ ತೆಗೆದುಕೊಳ್ಳುವವರೇ ಇರಲಿಲ್ಲ. ಅದು ಈಗಲೂ ಅವರ ಕೈಚೀಲದಲ್ಲಿ ಬಸ್ ಟಿಕೆಟ್ಟುಗಳ ನಡುವೆ ಇದೆ.

ಅಂಥ ಕಣ್ಣನ್ನು ಹುಡುಕಿ ತಂದವಳು ಗಾನಶ್ರೀ. ಸಮೀಕ್ಷೆಯ ಕೀಟಶಾಸ್ತ್ರ ಅವಳದ್ದು, ವಯಸ್ಸು ಇಪ್ಪತ್ತೊಂಬತ್ತು. ಸಾವಿತ್ರಮ್ಮ ಬೀಜ ಆರಿಸಿದಷ್ಟು ಕಾಲ ಅವಳು ಭೂಮಿಯ ಮೇಲೆ ಇದ್ದಳು, ಅಷ್ಟೇ. ಮೊದಲ ದಿನ ಸೂಕ್ಷ್ಮದರ್ಶಕದ ಕೆಳಗೆ ನೊಣವನ್ನಿಟ್ಟು ಪಾಠ ಮಾಡಿದಳು.

“ರೆಕ್ಕೆ ಅಂಚಿಗೆ ಉದ್ದಕ್ಕೂ ಕಪ್ಪು ಗೆರೆ ಇದೆಯಲ್ಲಾ, ಅದು ಡಾರ್ಸಾಲಿಸ್. ಗೆರೆ ಇಲ್ದೆ ತುದಿಯಲ್ಲಿ ಒಂದು ಚುಕ್ಕೆ, ಬೆನ್ನು ಕೆಂಪು ಅಂದ್ರೆ ಜೊನಾಟಾ. ತುದಿಯಲ್ಲಿ ಚುಕ್ಕೆ, ಮುಖಕ್ಕೆ ಅಡ್ಡ ಕಪ್ಪು ಪಟ್ಟಿ ಇದ್ರೆ ಕರೆಕ್ಟಾ.”

“ಕರೆಕ್ಟಾ ಅಂತ ನಂಗೆ ಕೇಳ್ತಿದ್ದೀರಾ ಮೇಡಂ?”

“ಅಲ್ಲ, ಅದರ ಹೆಸರೇ ಕರೆಕ್ಟಾ.”

“ಉಳಿದವೆಲ್ಲ ರಾಂಗಾ ಹಾಗಾದ್ರೆ?” ಎಂದು ಸಾವಿತ್ರಮ್ಮ ಕಣ್ಣಿಟ್ಟು ನೋಡಿದರು. ಮೂರನ್ನೂ ಸರದಿಯಾಗಿ ನೋಡಿ, “ಇದು ಅಂಚಿನ ಸೀರೆ. ಇದು ಕೆಂಪಯ್ಯ. ಇದು ಮೀಸೆಯವ,” ಎಂದು ಮೂವರಿಗೂ ಮರುನಾಮಕರಣ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಮಸೂರದ ಅಗತ್ಯವೂ ಅಷ್ಟಾಗಿ ಉಳಿಯಲಿಲ್ಲ. ಬಿಳಿ ತಟ್ಟೆಯಲ್ಲಿ ನೊಣಗಳನ್ನು ಹರವಿಕೊಂಡು, ಬೆಳಗಿನ ಅಸೆಂಬ್ಲಿಯಲ್ಲಿ ಮಕ್ಕಳ ಉಗುರು ನೋಡುವ ಕಾನ್ವೆಂಟ್ ಸಿಸ್ಟರಿನ ಹಾಗೆ ಸಾಲಿನುದ್ದಕ್ಕೆ ಕಣ್ಣಾಡಿಸಿ, ಚಿಮಟದಿಂದ ಒಂದೊಂದನ್ನೇ ಹೊರಗೆ ಕರೆಯುತ್ತಿದ್ದರು. ಬಾಟಲಿಗೆ ಬೀಳುವವೆಲ್ಲ ಗಂಡು ನೊಣಗಳು, ಆ ವಾಸನೆಗೆ ಗಂಡುಗಳು ಮಾತ್ರ ಬರುತ್ತವೆ ಎಂದು ಗಾನಶ್ರೀ ಹೇಳಿದಾಗ ಮಾತ್ರ ಅವರು ಕೈ ನಿಲ್ಲಿಸಿ ನಕ್ಕರು.

“ಗಂಡಸ್ರು ಬಾಟಲಿ ಹುಡುಕ್ಕೊಂಡು ಬರೋದು ಕಂಡುಹಿಡಿಯಕ್ಕೆ ಇಷ್ಟು ಓದ್ಬೇಕಿತ್ತಾ ಮೇಡಂ?”

ಹೀಗೆ ಏಪ್ರಿಲ್ ಕಳೆದು ಮೇ ತಿಂಗಳೂ ಮುಗಿಯಿತು. ಮೇ ಕೊನೆಗೆ ಲೆಕ್ಕ ತಾಳೆ ನೋಡಲು ಕೂತವರು ಓಂಕಾರಮೂರ್ತಿ. ಸಮೀಕ್ಷೆಯ ಮುಖ್ಯಸ್ಥರು, ಇಪ್ಪತ್ತು ವರ್ಷ ನೊಣ ನೋಡಿದವರು, ಕನ್ನಡಕ ತೆಗೆದರೆ ಅವರ ಕಣ್ಣುಗಳೂ ಸ್ವಲ್ಪ ನೊಣದ ಕಡೆಯವೇ. ಕೆಟ್ಟವರಲ್ಲ. ಲೆಕ್ಕ ತಪ್ಪಿದರೆ ಮಾತ್ರ ಊಟ ಸೇರದು. ವಸ್ತಾರೆಯ ಲೆಕ್ಕ ಒಂದು ನೊಣದ ವ್ಯತ್ಯಾಸವಿಲ್ಲದೆ ಸರಿಹೋಯಿತು. ಕಳಸದ ಗಣಪಯ್ಯನವರ ಮರದ್ದು ಸರಿಹೋಗಲಿಲ್ಲ. ಗಣಪಯ್ಯನವರು ಅಡಿಕೆ, ಮೆಣಸು, ಒಂದಿಷ್ಟು ಕಾಫಿ, ಮತ್ತು ಹಿತ್ತಲಲ್ಲಿ ಎರಡು ದೊಡ್ಡ ಮಾವಿನ ಮರ ಇಟ್ಟುಕೊಂಡವರು. ಚೀಟಿಯಲ್ಲಿ ತಾರೀಕಿನ ಬದಲು ತಿಥಿ ಬರೆಯುತ್ತಿದ್ದರು, ಎಣಿಕೆಯಲ್ಲಿ ಮಾತ್ರ ತಪ್ಪುವವರಲ್ಲ. ಅವರ ನಾಲ್ಕು ಚೀಟಿ ಸೇರಿ ನೂರನಲವತ್ತು ನೊಣ. ಸಾವಿತ್ರಮ್ಮ ಜಾತಿವಾರು ಬರೆಸಿದ್ದು ನೂರಹನ್ನೆರಡು.

“ಇಪ್ಪತ್ತೆಂಟು ನೊಣ ಎಲ್ಲಿ ಹೋಯ್ತಮ್ಮ?” ಎಂದರು ಓಂಕಾರಮೂರ್ತಿ.

“ಎಲ್ಲೂ ಹೋಗಿಲ್ಲ ಸಾರ್. ಒಳ್ಳೇ ನೊಣ ನೂರಹನ್ನೆರಡು ಕೊಟ್ಟಿದ್ದೀನಲ್ಲ.”

“ಒಳ್ಳೇ ನೊಣ?” ಮೂರ್ತಿಯವರ ಕನ್ನಡಕ ಮೂಗಿನ ತುದಿಗೆ ಜಾರಿತು. “ಒಳ್ಳೇ ನೊಣ ಅಂದ್ರೆ ಎಂಥದಮ್ಮ? ಸತ್ಯ ಹೇಳೋ ನೊಣವಾ?”

“ಚೊಕ್ಕದ್ದು ಸಾರ್. ಕಪ್ಪು ಹೊಡೆದದ್ದೆಲ್ಲ ಬೇರೆ ತೆಗ್ದಿಟ್ಟೆ.”

ಗಾನಶ್ರೀ ತಲೆಯ ಮೇಲೆ ಕೈ ಇಟ್ಟುಕೊಂಡಳು. ಆಗಿದ್ದು ಇಷ್ಟು. ಅಂಚಿನ ಸೀರೆಯವರನ್ನು ಆರಿಸುವಾಗ ಅವುಗಳಲ್ಲಿ ಕೆಲವು ಮಬ್ಬಾಗಿ, ಕಪ್ಪಾಗಿ ಸಾವಿತ್ರಮ್ಮನಿಗೆ ಕಂಡಿದ್ದವು. ಇಪ್ಪತ್ತೊಂಬತ್ತು ವರ್ಷ ಕಪ್ಪು ಕಂಡಲ್ಲಿ ಹೆಕ್ಕಿದ ಬೆರಳಿಗೆ ಹೇಳಬೇಕಾದದ್ದೇನೂ ಇರಲಿಲ್ಲ. ಅವನ್ನು ಎತ್ತಿ ಬೇರೆ ಇಟ್ಟಿತು. ಕ್ಯೂರಿಂಗಿನಲ್ಲಿ ಕಪ್ಪು ಬೀಜದ ವಿಷಯ ಯಾರೂ ಬಾಯಿಬಿಟ್ಟು ವರದಿ ಮಾಡುವುದಿಲ್ಲ. ಕೆಲಸ ಬಿಡುವ ಹೊತ್ತಿಗೆ ರೈಟರ್ ತಾನೇ ಬಂದು ಬುಟ್ಟಿ ತೂಗಿ ಬರೆದುಕೊಳ್ಳುತ್ತಾನೆ. ಇಲ್ಲಿಯೂ ಒಬ್ಬ ರೈಟರ್ ಬಂದೇ ಬರುತ್ತಾನೆಂದು ಅವರು ಒಂದು ತಿಂಗಳು ಕಾದಿದ್ದರು.

“ಎಸೆದು ಬಿಟ್ರಾ?” ಗಾನಶ್ರೀ ಮೆಲ್ಲಗೆ ಕೇಳಿದಳು.

ಆ ಪ್ರಶ್ನೆಗೆ ಸಾವಿತ್ರಮ್ಮನ ಮುಖ ಕೆಂಪಾಯಿತು. “ಎಸೆಯದಾ? ಕಪ್ಪು ಬೀಜಾನೂ ಯಜಮಾನ್ರದ್ದೇ ಮೇಡಂ. ಒಂದು ಕಾಳು ಎಸೆದೋಳಲ್ಲ ನಾನು.” ಕಿಟಕಿಯ ಹತ್ತಿರದ ಬಿಸ್ಕತ್ತಿನ ಡಬ್ಬಿಯಿಂದ ನಾಲ್ಕು ಪುಟ್ಟ ಶೀಶೆಗಳನ್ನು ತೆಗೆದಿಟ್ಟರು. ನಾಲ್ಕಕ್ಕೂ ಸ್ಪಿರಿಟ್ ತುಂಬಿತ್ತು, ನಾಲ್ಕರ ಮೇಲೂ ಕಳಸದ ತಿಥಿ, ಕರಿ ಎಂಬ ಎರಡಕ್ಷರ, ಕೆಳಗೆ ೪೧. ಒಟ್ಟು ಇಪ್ಪತ್ತೆಂಟು.

ಮೂರ್ತಿಯವರ ಸಿಟ್ಟು ಸ್ವಲ್ಪ ಇಳಿಯಿತು, ಪೂರ್ತಿ ಅಲ್ಲ. “ನೋಡಿ ಗಾನಶ್ರೀ, ಇವರು ಚೆಂದ ಇಲ್ಲ ಅಂತ ಒಂದಷ್ಟನ್ನ ತೆಗೆದ್ರೆ ಅದು ಸಮೀಕ್ಷೆಯಲ್ಲ, ಸೌಂದರ್ಯ ಸ್ಪರ್ಧೆ. ಏನು ನೋಡಿ ತೆಗೆದ್ರು ಅಂತ ತೋರಿಸ್ಲಿಕ್ಕೆ ಆಗ್ದಿದ್ರೆ ಕಳಸದ ಲೆಕ್ಕ ರದ್ದು. ಮುಂದಿನ ಸೀಸನ್ನಿಗೆ ಬೇರೆಯವರನ್ನ ನೋಡಿ.”

ಸಂಜೆ ಮನೆಯಲ್ಲಿ ಸಾವಿತ್ರಮ್ಮ ಚಾ ಲೋಟ ಕುಕ್ಕಿದ ಸದ್ದಿಗೇ ಗೌಡರಿಗೆ ಹವಾಮಾನ ತಿಳಿಯಿತು.

“ಎಂಥ ಆಯ್ತೇ?”

“ನನ್ನ ಮೂಟೆ ವಾಪಸ್ ಬಂತು.”

ಗೌಡರು ಲೋಟ ಎತ್ತದೆ ಅವರತ್ತ ತಿರುಗಿದರು. ಇಪ್ಪತ್ತೊಂಬತ್ತು ವರ್ಷದಲ್ಲಿ ಈ ವಾಕ್ಯ ಕೇಳಿದವರಲ್ಲ. ನಡೆದದ್ದನ್ನೆಲ್ಲ ಕೇಳಿಕೊಂಡು, “ಅವು ನಿಜಕ್ಕೂ ಕಪ್ಪೇ ಇದ್ವಾ?” ಎಂದರು.

“ಕಪ್ಪೇ.”

“ಮತ್ತೆ ಅವ್ರಿಗೆ ತೋರ್ಸು ಮಾರಾಯ್ತಿ. ನಂಗೆ ಎಂಥ ಲೋಟ ತೋರ್ಸದು?”

ಮಾರನೇ ದಿನ ಅವರು ಎಂದಿಗಿಂತ ಅರ್ಧ ಗಂಟೆ ಮುಂಚೆ ಹೋದರು. ಗಾನಶ್ರೀ ಅವರಿಗಿಂತ ಮುಂಚೆ ಬಂದಿದ್ದಳು. ಇಪ್ಪತ್ತೆಂಟು ಕರಿ ನೊಣಗಳ ಜೊತೆ ಇಪ್ಪತ್ತೆಂಟು ಚೊಕ್ಕ ನೊಣ ಬೆರೆಸಿ, ತಟ್ಟೆಯಲ್ಲಿ ಹರವಿ, ಒಂದೊಂದು ನೊಣವೂ ಮೊದಲು ಎಲ್ಲಿದ್ದದ್ದೆಂದು ತನಗೆ ಮಾತ್ರ ತಿಳಿಯುವ ಹಾಗೆ ಗುರುತಿಟ್ಟುಕೊಂಡಿದ್ದಳು.

“ಆರಿಸಿ ಸಾವಿತ್ರಮ್ಮ. ಅವಸರ ಇಲ್ಲ.”

ಸಾವಿತ್ರಮ್ಮನಿಗೆ ಅವಸರ ಇರಲಿಲ್ಲ, ಆದರೂ ಹತ್ತು ನಿಮಿಷ ಸಾಕಾಯಿತು. ಎಡಕ್ಕೆ ಇಪ್ಪತ್ತೆಂಟು, ಬಲಕ್ಕೆ ಇಪ್ಪತ್ತೆಂಟು. ಗಾನಶ್ರೀ ಗುರುತು ನೋಡಿದಳು. ಒಂದೂ ಅದಲುಬದಲಾಗಿರಲಿಲ್ಲ.

“ಏನು ನೋಡಿ ಹೇಳಿದ್ರಿ? ಬೆನ್ನಾ?”

“ಬೆನ್ನು ಎಲ್ಲದರದ್ದೂ ಕಪ್ಪೇ ಮೇಡಂ. ತೊಡೆ ನೋಡಿ. ಒಳ್ಳೇದರ ತೊಡೆ ಹಳದಿ, ಅರಿಶಿನ ಹಚ್ಚಿದ ಹಾಗೆ. ಇವಕ್ಕೆ ಮಸಿ ಹತ್ತಿದೆ. ಮುಂದಿನ ಕಾಲಲ್ಲಿ ಚೆನ್ನಾಗಿ ಕಾಣ್ತದೆ. ಹೊಟ್ಟೆ ಪಕ್ಕದಲ್ಲೂ ಕಪ್ಪು ಜಾಸ್ತಿ.”

ಗಾನಶ್ರೀ ಮಸೂರಕ್ಕೆ ಕಣ್ಣಿಟ್ಟಳು. ಎದ್ದು ಕಪಾಟಿನಿಂದ ದಪ್ಪ ಪುಸ್ತಕ ತಂದು ಪುಟ ತಿರುವಿದಳು. ಮತ್ತೆ ಮಸೂರ, ಮತ್ತೆ ಪುಸ್ತಕ. ಕೊನೆಗೆ, “ಕ್ಯಾರಿಯೆ ಅಂತ ಒಂದಿದೆ,” ಎಂದಳು. “ದಕ್ಷಿಣದಲ್ಲಿ ಇದೆ ಅಂತ ಪುಸ್ತಕ ಹೇಳ್ತದೆ. ಡಾರ್ಸಾಲಿಸ್ ಥರವೇ ರೆಕ್ಕೆ ಅಂಚು. ಕಾಲು ಮಾತ್ರ ಕಪ್ಪು. ನಮ್ಮ ಪಟ್ಟಿಯಲ್ಲಿ ನಾನು ಅದನ್ನ ಹಾಕಿಯೇ ಇಲ್ಲ. ರೆಕ್ಕೆ ನೋಡಿ, ಮುಖ ನೋಡಿ ಅಂದೆ. ಕಾಲು ನೋಡಿ ಅಂತ ನಿಮಗೆ ಹೇಳ್ಲೇ ಇಲ್ಲ.”

“ಹೇಳ್ದಿದ್ರೂ ಕಾಣ್ತದಲ್ಲ ಮೇಡಂ.”

ಕಂಡರೆ ಸಾಲದು, ಓಂಕಾರಮೂರ್ತಿಯವರಿಗೆ ಪುರಾವೆ ಬೇಕು. ಡಾರ್ಸಾಲಿಸ್‌ನಲ್ಲೂ ಕೆಲವು ಸ್ವಲ್ಪ ಕಪ್ಪಾಗಿ ಹುಟ್ಟುವುದುಂಟು, ಬಣ್ಣವೊಂದನ್ನೇ ನಂಬಿ ಜಾತಿ ಬೇರೆ ಎನ್ನಲಾಗದು ಎಂದರು ಅವರು. ಹಾಗಾಗಿ ವಂಶವಾಹಿ ಓದಿಸುವುದೆಂದಾಯಿತು. ಅದಕ್ಕೆ ಇಡೀ ನೊಣ ಬೇಡ, ಒಂದು ಕಾಲು ಸಾಕು. ಒಂದೊಂದು ಕಾಲು ಕಿತ್ತು ಸಣ್ಣ ಕೊಳವೆಗೆ ಹಾಕಿ ಬೆಂಗಳೂರಿಗೆ ಕಳಿಸಿದರೆ ಅಲ್ಲಿ ಅದರ ಡಿಎನ್ಎ ತೆಗೆದು, ಎಲ್ಲ ಜಾತಿಗೂ ಇರುವ ಆದರೆ ಜಾತಿಯಿಂದ ಜಾತಿಗೆ ಬೇರೆಯಾಗುವ ಒಂದೆರಡು ತುಣುಕನ್ನು ಅಕ್ಷರ ಅಕ್ಷರವಾಗಿ ಓದುತ್ತಾರೆ. ಬೇರೆ ಕಚೇರಿಗಳಲ್ಲಿ ಕಾಲೆಳೆಯುವುದು ಊಟದ ಬಿಡುವಿನಲ್ಲಿ ನಡೆಯುವ ಕೆಲಸ. ಇಲ್ಲಿ ಮಾತ್ರ ಅಧಿಕೃತವಾಗಿ, ಕೈಗವಸು ಹಾಕಿಕೊಂಡು ಎಳೆಯುತ್ತಾರೆ.

ಗಾನಶ್ರೀ ಚಿಮಟ ಎತ್ತಿದಾಗ ಸಾವಿತ್ರಮ್ಮ ಅವಳ ಕೈ ಹಿಡಿದರು.

“ಗುರುತು ಇರೋದೇ ಕಾಲಲ್ಲಿ. ಅದನ್ನೇ ಕಿತ್ರೆ ನಂಗೆ ಸಾಕ್ಷಿ ಯಾರು ಮೇಡಂ?”

“ಆರು ಕಾಲಿದೆಯಲ್ಲಮ್ಮಾ. ಹಿಂದಿನದು ಒಂದು ತೆಗೀತೀನಿ.”

“ಹಾಗಾದ್ರೆ ಸರಿ. ಮುಂದಿನದು ಮುಟ್ಬೇಡಿ.”

ಬೆಂಗಳೂರು ಮೂರು ವಾರ ಎಂದಿತು. ಸಾವಿತ್ರಮ್ಮನಿಗೆ ಆ ಮೂರು ವಾರ ಇಪ್ಪತ್ತೊಂಬತ್ತು ವರ್ಷಕ್ಕಿಂತ ಸ್ವಲ್ಪವೇ ಕಮ್ಮಿ. ದಿನವೂ ಬಂದು ಆರಿಸುತ್ತಿದ್ದರು. ಈಗ ಕರಿಗಾಲುಗಳನ್ನು ಹೇಳಿಯೇ ಬೇರೆ ಇಡುತ್ತಿದ್ದರು, ಹೇಳಿದ್ದನ್ನು ಗಾನಶ್ರೀ ಬರೆದುಕೊಳ್ಳುತ್ತಿದ್ದಳು. ಕಾದಿದ್ದ ರೈಟರ್ ಒಂದು ತಿಂಗಳು ತಡವಾಗಿಯಾದರೂ ಬಂದ ಹಾಗಾಯಿತು.

ನಡುವೆ ಒಂದು ದಿನ ಗಣಪಯ್ಯನವರೇ ಕಳಸದ ಬಸ್ಸಿಳಿದು ಬಂದರು. ಬಗಲಲ್ಲಿ ಹಣ್ಣಿನ ಚೀಲ, ಬಾಯಲ್ಲಿ ದೂರು.

“ನೋಡಿ, ನೀವು ಬಾಟಲಿ ಕಟ್ಟಿದ್ಮೇಲೇ ನಮ್ಮನೇಲಿ ಇಷ್ಟು ನೊಣ ಆದದ್ದು. ಮೊದಲು ನಮಗೆ ಕಂಡೇ ಇರ್ಲಿಲ್ಲ.”

“ಬಾಟಲಿ ಇಲ್ದಾಗ ಅವು ಎಲ್ಲಿದ್ವು ಗಣಪಯ್ಯನವ್ರೇ? ನಿಮ್ಮ ಹಣ್ಣಲ್ಲೇ,” ಎಂದಳು ಗಾನಶ್ರೀ.

“ಅದೂ ಹೌದು ಅನ್ನಿ. ಈಗ ಇದರ ಹೆಸರು ಗೊತ್ತಾದ್ರೆ ಹುಳ ಹೋಗ್ತದಾ?”

“ಹೆಸರಿಗೆ ಹೆದರಿ ಹೋಗಲ್ಲ. ಯಾವುದು ಯಾವಾಗ ಬರ್ತದೆ ಗೊತ್ತಾದ್ರೆ ಅದಕ್ಕಿಂತ ಒಂದು ವಾರ ಮುಂಚೆ ಬಾಟಲಿ ಕಟ್ಬಹುದು, ಹಣ್ಣಿಗೆ ಕಾಗದದ ಚೀಲ ಹಾಕ್ಬಹುದು. ಬಿದ್ದ ಹಣ್ಣನ್ನ ಮಾತ್ರ ಹಾಗೇ ಬಿಡ್ಬೇಡಿ, ಹೂಳಿ.”

ಗಣಪಯ್ಯನವರು ತಲೆಯಾಡಿಸಿ, ಸಾವಿತ್ರಮ್ಮನ ತಟ್ಟೆಯತ್ತ ಬಗ್ಗಿದರು. “ಇಪ್ಪತ್ತೆಂಟು ಕಮ್ಮಿ ಬಂತಂತಲ್ಲ, ಅದು ನನ್ನ ಎಣಿಕೆ ತಪ್ಪಲ್ಲ ತಾನೇ? ನಾನು ಎರಡೆರಡು ಸಲ ಎಣಿಸ್ತೀನಿ.”

“ನಿಮ್ಮದು ಸರಿ ಇದೆ ಮಾರಾಯ್ರೇ,” ಎಂದರು ಸಾವಿತ್ರಮ್ಮ. “ತಪ್ಪಿದ್ರೆ ನಂದು.”

“ಓ, ಹಾಗಾದ್ರೆ ಹಣ್ಣು ತಗೊಳ್ಳಿ,” ಎಂದು ಗಣಪಯ್ಯನವರು ನೆಮ್ಮದಿಯಿಂದ ಚೀಲ ಬಿಚ್ಚಿದರು. ಎಣಿಕೆ ಸರಿಯಿದ್ದ ಮೇಲೆ ಹುಳುವಿನ ಮೇಲೆ ಅವರಿಗೆ ಅಷ್ಟು ಕೋಪವಿರಲಿಲ್ಲ. ಹಣ್ಣುಗಳಲ್ಲಿ ಅರ್ಧ ಚೆನ್ನಾಗಿದ್ದವು. ಉಳಿದರ್ಧವನ್ನು ಗಾನಶ್ರೀ ಸಂತೋಷದಿಂದ ಮರಳಿನ ಡಬ್ಬಿಗೆ ಹಾಕಿಟ್ಟಳು. ಹುಳು ಹೊರಬಂದು ಮರಳಲ್ಲಿ ಕೋಶವಾಗಿ ನೊಣವಾದಾಗ ಹೆಣ್ಣುಗಳೂ ಸಿಗುತ್ತವಲ್ಲ.

ಫಲಿತಾಂಶ ಬಂದದ್ದು ಜೂನ್ ಮೂರನೇ ವಾರ, ಒಂದು ಸೋಮವಾರ ಹನ್ನೊಂದು ಗಂಟೆಗೆ. ಓಂಕಾರಮೂರ್ತಿ ಕಾಗದ ಮುದ್ರಿಸಿಕೊಂಡು ನಿಂತೇ ಓದಿದರು. ಸಾವಿತ್ರಮ್ಮ ಚಿಮಟ ಕೆಳಗಿಟ್ಟು ಸೆರಗಿನಿಂದ ಬೆರಳು ಒರೆಸಿಕೊಂಡರು. ಬೆರಳಿನಲ್ಲಿ ಏನೂ ಇರಲಿಲ್ಲ.

“ಇಪ್ಪತ್ತೆಂಟರಲ್ಲಿ ಇಪ್ಪತ್ತೈದು ಕ್ಯಾರಿಯೆ,” ಎಂದರು ಮೂರ್ತಿ. ಕಾಗದ ಮಡಚಿದರು, ಮತ್ತೆ ಬಿಚ್ಚಿದರು. “ಎರಡೂ ತುಣುಕಿನಲ್ಲಿ ಒಂದೇ ಉತ್ತರ. ಬೇರೆ ಜಾತಿಯೇ. ಸಾವಿತ್ರಮ್ಮ, ನೀವು ತೆಗೆದಿಟ್ಟದ್ದು ಕೆಟ್ಟ ನೊಣ ಅಲ್ಲ.”

ಗಾನಶ್ರೀ ಚಪ್ಪಾಳೆ ತಟ್ಟಿದಳು. ಸಾವಿತ್ರಮ್ಮ ತಟ್ಟಲಿಲ್ಲ.

“ಉಳಿದ ಮೂರು ಸಾರ್?”

“ಅವು ಡಾರ್ಸಾಲಿಸ್. ಸ್ವಲ್ಪ ಕಪ್ಪಾಗಿ ಹುಟ್ಟಿದವು, ಅಷ್ಟೇ. ಅದನ್ನ ಬಿಡಿ.”

“ಎಂಥ ಬಿಡದು ಸಾರ್? ಇಪ್ಪತ್ತೆಂಟರಲ್ಲಿ ಮೂರು ತಪ್ಪಿದ್ರೆ ನಮ್ಮಲ್ಲಿ ಮೂಟೆ ಬಾಗಿಲು ದಾಟ್ತಿರ್ಲಿಲ್ಲ. ಆ ಮೂರು ಎಲ್ಲಿದೆ, ತೋರ್ಸಿ.”

ತೋರಿಸಿದರು. ಸಾವಿತ್ರಮ್ಮ ಮಸೂರದ ಮೇಲೆ ಬಗ್ಗಿದವರು ಕಾಲು ಗಂಟೆ ಏಳಲಿಲ್ಲ. ಆಮೇಲೆ ಒಂದು ಕರಿಗಾಲನ್ನು ಪಕ್ಕದಲ್ಲಿಟ್ಟು ಮತ್ತೆ ನೋಡಿದರು.

“ಇದಕ್ಕೆ ತೊಡೆಯ ತುದಿಗೆ ಮಾತ್ರ ಮಸಿ, ಅದೂ ತೆಳು. ಕರಿಗಾಲಿಗೆ ದೊಡ್ಡ ಕಲೆ. ಹೊಟ್ಟೆ ಪಕ್ಕದಲ್ಲೂ ಈ ಮೂರಕ್ಕೆ ಸಣ್ಣ ಗೆರೆ. ಸೀರೆಗೆ ಅಂಚು ಬೇರೆ, ಸೆರಗು ಬೇರೆ ಅಲ್ವಾ? ನಾನು ಅವಸರ ಮಾಡ್ಬಿಟ್ಟೆ. ಇನ್ನು ತಪ್ಪಲ್ಲ.”

ಓಂಕಾರಮೂರ್ತಿಯವರೂ ಬಗ್ಗಿ ನೋಡಿದರು. ನೆಟ್ಟಗಾಗಲು ಅವರಿಗೂ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ತಮ್ಮ ಕೋಣೆಗೆ ಹೋದರು. ಕಪಾಟು ತೆರೆಯುವ, ಏನನ್ನೋ ಎಳೆಯುವ ಸದ್ದಾಯಿತು. ಹೊರಗೆ ಬಂದಾಗ ಎದೆಗವಚಿ ಹಿಡಿದದ್ದು ಮರದ ಮೂರು ಪೆಟ್ಟಿಗೆ, ಮೇಲೆ ಹನ್ನೆರಡು ವರ್ಷದ ಧೂಳು. ಒಳಗೆ ಸೂಜಿಗೆ ಚುಚ್ಚಿದ ನೊಣಗಳ ಸಾಲು.

“ಇಂಥ ಹನ್ನೊಂದು ಪೆಟ್ಟಿಗೆ ಇದೆ. ಎಲ್ಲ ನಾನೇ ಗುರುತಿಸಿದ್ದು. ಅಂಚು ಕಂಡದ್ದಕ್ಕೆಲ್ಲ ಡಾರ್ಸಾಲಿಸ್ ಅಂತ ಚೀಟಿ ಹಾಕಿದ್ದೀನಿ.” ಕೆಮ್ಮಿದರು. “ಒಂದು ಸಲ ನೋಡ್ಬಿಡಿ ಸಾವಿತ್ರಮ್ಮ. ನಂದೂ ಮೂಟೆ ವಾಪಸ್ ಬಂತು ಅಂತ ಇಟ್ಕೊಳ್ಳಿ. ಈ ಸೀಸನ್ ಮುಗಿದ್ರೂ ಮುಂದಿನದರವರೆಗೆ ಬೇಕಾದಷ್ಟು ಇದೆ.”

“ಎಲ್ಲರ ಎದುರು ಸುರೀಬೇಕು ಸಾರ್, ನಮ್ಮಲ್ಲಿ ಹಾಗೇ ಕ್ರಮ.”

“ಸುರಿಯಕ್ಕಾಗಲ್ಲ, ಸೂಜಿ ಚುಚ್ಚಿದೆ,” ಎಂದು ಮೂರ್ತಿಯವರು ನಕ್ಕೇಬಿಟ್ಟರು.

ಮಧ್ಯಾಹ್ನ ಗಾನಶ್ರೀ ಕರಿಗಾಲಿನ ಇಪ್ಪತ್ತೈದಕ್ಕೆ ಹೊಸ ಚೀಟಿ ಮುದ್ರಿಸಿ ತಂದಳು. ಅಕ್ಕಿಕಾಳಿನಷ್ಟು ಸಣ್ಣ ಅಕ್ಷರ. ಊರು ಕಳಸ, ಮರ ಮಾವು, ತಿಂಗಳು ಮೇ, ಜಾತಿಯ ಹೆಸರು, ಕೊನೆಯ ಸಾಲಿನಲ್ಲಿ ಗುರುತಿಸಿದವರು: ಸಾವಿತ್ರಮ್ಮ. ನೊಣ ಗುರುತಿಸಿದವರ ಹೆಸರು ನೊಣದ ಕೆಳಗೆ ಇರಬೇಕು, ನೂರು ವರ್ಷ ಬಿಟ್ಟು ಯಾರಾದರೂ ನೋಡಿದರೂ ಯಾರ ಕಣ್ಣಿದು ಎಂದು ತಿಳಿಯಬೇಕು, ಇದು ನಮ್ಮ ಕ್ರಮ ಎಂದಳು.

ಸಾವಿತ್ರಮ್ಮ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಸಂತೋಷವಾದದ್ದು ಮುಖದಲ್ಲಿ ಕಾಣದಿರಲೆಂದು ಸ್ವಲ್ಪ ಕಷ್ಟಪಟ್ಟರು.

“ಸಾವಿತ್ರಮ್ಮ ಅಂತ ಮೂಡಿಗೆರೆಯಲ್ಲೇ ಹತ್ತು ಜನ ಇದ್ದಾರೆ ಮೇಡಂ. ಪಕ್ಕದಲ್ಲಿ ನಂಬರ್ ಹಾಕಿ.” ಕೈಚೀಲದಿಂದ ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟರು. ಅಂಚು ಸವೆದು ನುಣುಪಾಗಿತ್ತು, ನಾಲ್ಕು ಒಂದು ಮಾತ್ರ ಗಟ್ಟಿಯಾಗಿ ಕೂತಿದ್ದವು.

ಗಾನಶ್ರೀ ಬರೆದುಕೊಂಡಳು. ಇಪ್ಪತ್ತೈದು ಚೀಟಿ ಬದಿಗಿಟ್ಟು, ತಪ್ಪಾದ ಮೂರು ನೊಣಗಳ ಶೀಶೆಯನ್ನು ಉಳಿದ ಡಾರ್ಸಾಲಿಸ್ ಜೊತೆ ಸೇರಿಸಲು ಎತ್ತಿದಳು.

“ಅದು ಬೇರೇನೇ ಇರ್ಲಿ,” ಎಂದರು ಸಾವಿತ್ರಮ್ಮ. “ಅದಕ್ಕೂ ನಲವತ್ತೊಂದು ಅಂತ ಹಾಕಿ. ವಾಪಸ್ ಬಂದದ್ದೂ ನಂದೇ.”

ಆಮೇಲೆ ಓಂಕಾರಮೂರ್ತಿಯವರ ಮೊದಲ ಪೆಟ್ಟಿಗೆಯನ್ನು ತಮ್ಮ ಕಡೆಗೆಳೆದುಕೊಂಡು, ಮುಚ್ಚಳದ ಧೂಳು ಒರೆಸಿ, ಮೊದಲ ಸಾಲಿನ ಮೊದಲ ನೊಣದ ತೊಡೆಗೆ ಕಣ್ಣಿಟ್ಟರು.